ಕೊಕ್ಕೆಯನ್ನು ನೋಡಿ ನಕ್ಕ ರಾಜ

"ಗುರುಗಳೇ, ಹಳೆಯ ನಾಟಕವನ್ನು ಇದ್ದ ಹಾಗೆಯೇ ಆಡಿಸಬೇಕೋ, ಈಗಿನವರಿಗೆ ತಕ್ಕಂತೆ ಬದಲಿಸಬೇಕೋ?" ಎಂದು ದಾಕ್ಷಾಯಣಿ ಕೇಳಿದಳು.

ಅವಳು ನಾಟಕ ನಿರ್ದೇಶಿಸುತ್ತಿದ್ದುದು ಅದೇ ಮೊದಲು. ತಂಡದ ಹಿರಿಯರು ಒಂದಕ್ಷರವನ್ನೂ ಮುಟ್ಟಬೇಡ ಎನ್ನುತ್ತಿದ್ದರು. ಕಿರಿಯರು ಎಲ್ಲವನ್ನೂ ಕಿತ್ತು ಹಾಕು ಎನ್ನುತ್ತಿದ್ದರು. ಪ್ರದರ್ಶನಕ್ಕೆ ಹದಿನೈದು ದಿನ ಉಳಿದಿತ್ತು, ಅವಳಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ವರ್ಷವರ್ಷವೂ ಒಂದೇ ನಾಟಕ ಆಡುತ್ತಿದ್ದರು. ಕಳೆದುಹೋದ ಮಗಳನ್ನು ರಾಜನೊಬ್ಬ ಹುಡುಕಿ ಹುಡುಕಿ ಕಡೆಗೆ ಕಾಣುವ ನಾಟಕ. ರಾಜನ ಪಾತ್ರ ಒಬ್ಬ ರೈತನದು. ಅವನಿಗಿಂತ ಮೊದಲು ಅದು ಅವನ ಅಪ್ಪನದಾಗಿತ್ತು. ಅಪ್ಪ ಸಾಯುವಾಗ ಮಗನ ಕೈ ಹಿಡಿದು, "ನಾಟಕ ಕೆಡಿಸಬೇಡ" ಎಂದಿದ್ದ.

ರೈತ ಆ ಮಾತನ್ನು ಶಿರಸಾವಹಿಸಿದ. ಅಪ್ಪ ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಟ್ಟ, ಅಪ್ಪ ಉಸಿರೆಳೆದ ಕಡೆಯೇ ಉಸಿರೆಳೆದ. ಮಗಳು ಸಿಕ್ಕ ಗಳಿಗೆಯಲ್ಲಿ ಅಪ್ಪ ರಂಗದ ಎಡಗಡೆಯ ಕಂಬದತ್ತ ತಿರುಗಿ, ಕತ್ತೆತ್ತಿ ನಗುತ್ತಿದ್ದ. ಮಗನೂ ತಿರುಗಿ ನಕ್ಕ. ಆ ಕಂಬದಲ್ಲಿ ತುಕ್ಕು ಹಿಡಿದ ಒಂದು ಕೊಕ್ಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಪಾಪ, ಇಪ್ಪತ್ತು ವರ್ಷ ಆ ಕೊಕ್ಕೆಗೆ ಭಕ್ತಿಯಿಂದ ನಗುತ್ತಾ ಬಂದ.

ಒಂದು ವರ್ಷ ನಾಟಕ ಕಲಿಸಲು ಹೊಸ ಮೇಷ್ಟ್ರು ಬಂದರು. ತಾಲೀಮು ನೋಡಿ, ಮಗಳನ್ನು ಬಿಟ್ಟು ಕೊಕ್ಕೆಯನ್ನೇಕೆ ನೋಡುತ್ತೀಯ ಎಂದು ಕೇಳಿದರು.

"ನಮ್ಮಪ್ಪ ನಗ್ತಿದ್ದದ್ದು ಹಂಗೇ. ಬೇಕಾದ್ರೆ ಪಾರ್ಟು ಬಿಡ್ತೀನಿ, ಕತ್ತು ಮಾತ್ರ ಬೇರೆ ಕಡೆ ತಿರುಗಿಸಲ್ಲ" ಎಂದ ರೈತ.

ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಮಾರನೆಯ ದಿನ ರೈತನ ಮುದಿ ತಾಯಿಯನ್ನು ತಾಲೀಮಿಗೆ ಕರೆಸಿ ಎದುರಿಗೆ ಕೂರಿಸಿದರು. ರಾಜ ಕಂಬದತ್ತ ತಿರುಗಿ ನಕ್ಕ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲಿ ಗ್ಯಾಸ್ ಲೈಟು ತೂಗುಹಾಕೋರು ಕಣೋ. ಇದ್ದದ್ದು ಅದೊಂದೇ ದೀಪ. ನಗೋ ಮುಖ ಜನಕ್ಕೆ ಕಾಣ್ಲಿ ಅಂತ ನಿಮ್ಮಪ್ಪ ಅತ್ತ ತಿರುಗೋರು. ನಿನ್ನ ಕಾಲಕ್ಕೆ ಕರೆಂಟು ಬಂತು, ನಾನು ನಿನ್ನ ಕಿವಿ ನೋಡಿದ್ದೇ ಬಂತು."

ರೈತನ ಮುಖ ಕೆಂಪಾಯಿತು. ಇಪ್ಪತ್ತು ವರ್ಷ ಮೋಸ ಹೋದೆನಲ್ಲ ಎಂದು ಮೊದಲು ಸಂಕಟವಾಯಿತು. ಈಗ ಜನರತ್ತ ತಿರುಗಿದರೆ ಅಪ್ಪನಿಗೆ ಕೊಟ್ಟ ಮಾತು ತಪ್ಪುತ್ತದಲ್ಲ ಎಂದು ಆಮೇಲೆ ಭಯವಾಯಿತು. ಅಷ್ಟರಲ್ಲಿ ನಾಟಕದ ದಿನ ಬಂತು.

ಆ ಸಂಜೆ ಅವೇ ಹೆಜ್ಜೆ, ಅವೇ ಮಾತು. ಮಗಳು ಸಿಕ್ಕಳು. ರಾಜ ಎಡಗಾಲನ್ನು ಎತ್ತಿದ, ಕಂಬದ ಕಡೆ ನೋಡಿದ, ಕಾಲನ್ನು ಕೆಳಗಿಟ್ಟ. ಆಮೇಲೆ ಮಗಳ ಕೈ ಹಿಡಿದು ಜನರತ್ತ ತಿರುಗಿ, ಎದುರಿನ ದೀಪಗಳ ಬೆಳಕಿನಲ್ಲಿ ಮನಸಾರೆ ನಕ್ಕ. ಇಡೀ ಊರೇ ಅವನೊಂದಿಗೆ ನಕ್ಕಿತು. ಜನ ವನ್ಸ್ ಮೋರ್ ಎಂದು ಕೂಗಿ ಕೂಗಿ, ಪಾಪ, ರಾಜ ಆ ಸಂಜೆ ಮಗಳನ್ನು ಮೂರು ಸಲ ಕಳೆದುಕೊಂಡು ಮೂರು ಸಲ ಹುಡುಕುವಂತೆ ಮಾಡಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ನಗು ನೋಡಿ ಇಪ್ಪತ್ತು ವರ್ಷ ಆಗಿತ್ತು" ಎಂದು ಪಕ್ಕದವಳಿಗೆ ಹೇಳಿದಳು.

ಕತೆ ಮುಗಿಯಿತು. ದಾಕ್ಷಾಯಣಿ ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಆದರೂ ಅವಳ ಅನುಮಾನ ಹೋಗಲಿಲ್ಲ.

"ಹಾಗಾದರೆ ಆ ರೈತ ಅಪ್ಪನ ಮಾತನ್ನು ಮೀರಿದನೋ, ಉಳಿಸಿಕೊಂಡನೋ?"

ಗುರುಗಳು ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಒಂದೇ ಮಾತು ಕೇಳಿದರು.

"ಆ ಸಂಜೆ ಮುದುಕಿಗೆ ಕಂಡದ್ದು ಯಾರ ನಗು?"