ಕಡೆಯ ಎಲೆ

ಮಹಾನಂದಾ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅಲ್ಲಿಯ ಗುರುಗಳಾದ ಅಜ್ಜ ಜೋಳ ಹಸನು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಅವರ ಹತ್ತಿರ ಕಲಿತವಳು, ಈಗ ನಗರಸಭೆಯ ಅಧ್ಯಕ್ಷೆ. ಅವಳ ಪಕ್ಷದ ಕೆಲವು ಸದಸ್ಯರೂ ಜೊತೆಗೆ ಬಂದಿದ್ದರು. ಪ್ರಸಾದದ ದಿನ ನೋಡಿಯೇ ಅವರಿಗೆ ಗುರುಭಕ್ತಿ ಉಕ್ಕುತ್ತಿತ್ತು.

ಅವರು ಕೈಕಾಲು ತೊಳೆಯಲು ಹೋದರು. ಮಹಾನಂದಾ ಅಜ್ಜನ ಮುಂದೆ ಕುಳಿತಳು.

"ಅಜ್ಜಾರ, ಹೊಳಿ ಕಡೆ ಉದ್ಯಾನ ಮಾಡಬೇಕು, ಮಡಿವಾಳರು ಬಟ್ಟಿ ಒಗಿಯೂ ಕಲ್ಲು ಕೀಳಬೇಕು ಅಂತ ಸಭಾದಾಗ ಠರಾವು ಬಂತು. ಅವರ ಓಣಿ ಸದಸ್ಯ ದ್ಯಾಮಣ್ಣ ಮಾತಾಡಾಕ ಎದ್ದ. ನಾ ಮೈಕ್ ಬಂದ್ ಮಾಡಿಸಿದೆ."

"ಯಾಕವ್ವಾ?"

"ನಮ್ಮವರು ಕಣ್ಣು ಕೆಂಪು ಮಾಡಿದ್ರು. ಕುರ್ಚಿ ಕೊಟ್ಟವರು ಅವರ ಅಲ್ರಿ? ಗುರುವಾರ ಮತ್ತ ಸಭಾ ಐತಿ, ಅವತ್ತ ಠರಾವು ಪಕ್ಕಾ ಆಗ್ತೈತಿ. ದ್ಯಾಮಣ್ಣಗ ಮಾತು ಕೊಟ್ರ ನನ್ನ ಕುರ್ಚಿ ಹೋಗ್ತೈತಿ. ಕೊಡದಿದ್ರ ನನಗ ನಿದ್ದಿ ಬರವಲ್ದು."

ಅವಳ ಕಣ್ಣು ತುಂಬಿತ್ತು. ಅಜ್ಜನಿಗೆ ಪಾಪ ಅನ್ನಿಸಿತು.

ಊಟದ ಗಂಟೆ ಹೊಡೆಯಿತು. ಅಜ್ಜ ಅವಳ ಕೈಗೆ ಸೌಟು ಕೊಟ್ಟರು.

"ಇವತ್ತ ನೀ ಬಡಸು."

ಪಂಕ್ತಿಯ ಮೊದಲಿಗೆ ಪಕ್ಷದವರೇ ಕುಳಿತಿದ್ದರು. "ಬಡಸವರು ನಮ್ಮವರ ಅದಾರ, ಇನ್ನೇನು ಚಿಂತಿ!" ಎಂದು ಒಬ್ಬ ನಕ್ಕ. "ಇನ್ನೊಂದು ಸೌಟು ಬರಲಿ ಅಕ್ಕಾರ" ಎಂದ ಇನ್ನೊಬ್ಬ. ಗೋಧಿ ಹುಗ್ಗಿ ಘಮಘಮ ಎನ್ನುತ್ತಿತ್ತು. ಮಹಾನಂದಾ ಇಲ್ಲ ಎನ್ನಲಾರದೆ ಬಡಿಸಿದಳು.

ಕಡೆಯ ಎಲೆಯ ಮುಂದೆ ಅವಳ ಕಾಲು ನಿಂತಿತು.

ದ್ಯಾಮಣ್ಣ ಕುಳಿತಿದ್ದ. ಅಜ್ಜನ ಕಾವಿಬಟ್ಟೆ ಒಗೆದು ತಂದುಕೊಡುವವನು ಅವನೇ. ಪಕ್ಕದಲ್ಲಿ ಮಡಿಬಟ್ಟೆಯ ಗಂಟಿತ್ತು.

ಅವಳು ಪಾತ್ರೆಗೆ ಸೌಟು ಹಾಕಿದಳು. ಬರೀ ತಳದ ಸದ್ದು ಬಂತು.

"ಇರಲಿ ಬಿಡ್ರಿ ಅಕ್ಕಾರ" ಎಂದ ದ್ಯಾಮಣ್ಣ. "ಅಲ್ಲಿ ಮಾತು ಸಿಗಲಿಲ್ಲ, ಇಲ್ಲಿ ಹುಗ್ಗಿ ಸಿಗಲಿಲ್ಲ. ಎರಡೂ ಕಡೆ ನಾ ಕಡೇಕ ಕುಂತಿದ್ದೆ."

ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನು ನಗುತ್ತ ಹೇಳಿದ್ದ.

ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಕಡೆಯ ಎಲೆಗೆ ಬೀಳುವ ತನಕ ಮೊದಲ ಎಲೆಯವರು ಕೈ ಹಚ್ಚುವಂತಿಲ್ಲ. ಅದು ಆಶ್ರಮದ ಪದ್ಧತಿ. ಪಕ್ಷದವರೂ ತುಂಬಿದ ಎಲೆಯ ಮುಂದೆ ಕೈಕಟ್ಟಿ ಕುಳಿತು ಅವಳನ್ನೇ ನೋಡುತ್ತಿದ್ದರು.

ಮಹಾನಂದಾ ಸೌಟು ಹಿಡಿದುಕೊಂಡೇ ಅಜ್ಜನ ಬಳಿ ಬಂದಳು.

"ತಪ್ಪಾತ್ರಿ ಅಜ್ಜಾರ. ಈಗೇನು ಮಾಡ್ಲಿ?"

ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟರು.

"ಇನ್ನೂ ಯಾರೂ ತುತ್ತು ಎತ್ತಿಲ್ಲ ತಂಗಿ. ಗುರುವಾರನೂ ಇನ್ನೂ ಬಂದಿಲ್ಲ."