ನೀರುಗಂಟಿಯ ಸನ್ಮಾನ

"ಗುರುಗಳೇ, ದಂಡಿನಿಂದ ಮರಳಿದ ಯೋಧರನ್ನು ಮತ್ತೆ ಊರಿನ ಬದುಕಿಗೆ ಹೊಂದಿಸುವ ಅಧಿಕಾರಿಗೆ ನಾಳೆ ಸನ್ಮಾನ. ಶಾಲು ತಂದಿದ್ದೇವೆ, ತಮಟೆಯವರಿಗೂ ಹೇಳಿದ್ದೇವೆ. ಇನ್ನೇನು ಬೇಕು?" ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕೆರೆಯ ತೂಬು ತೆಗೆದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯೊಬ್ಬನಿದ್ದ. ಆ ಊರಿಗೆ ಯುದ್ಧ ಮುಗಿಸಿ ಒಬ್ಬ ಯೋಧ ಮರಳಿದ. ಬೆನ್ನ ಹಿಂದೆ ಸದ್ದಾದರೆ ಸಾಕು, ಅವನು ಕೈಗೆ ಸಿಕ್ಕಿದ್ದನ್ನು ಎತ್ತಿ ತಿರುಗುತ್ತಿದ್ದ. ಒಮ್ಮೆ ಒಬ್ಬನ ತಲೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಇನ್ನೊಮ್ಮೆ ಕೈ ಎತ್ತಿದರೆ ಅವನು ಊರು ಬಿಡಬೇಕೆಂದು ಪಂಚಾಯಿತಿ ತೀರ್ಮಾನಿಸಿತು. ಅವನ ಹೊಣೆ ತನ್ನದೆಂದು ನೀರುಗಂಟಿ ಮುಂದೆ ಬಂದ. ಹೇಳುವುದೇನೋ ಸುಲಭ, ಹೇಳಿದ ಮೇಲೆ ಅವನಿಗೂ ದಿಗಿಲೇ.

ಯೋಧನ ಕೈಗೆ ಗುದ್ದಲಿ ಕೊಟ್ಟು, ಕೆರೆಯ ಏರಿಯ ಮೇಲೆ ತಾನು ಸದಾ ಮುಂದೆ ನಡೆದ. ಒಂದು ದಿನವೂ ಅವನ ಹಿಂದೆ ಹೋಗಲಿಲ್ಲ. ಬರಬರುತ್ತ ಯೋಧ ಕಾಲುವೆಗೆ ಅಡ್ಡಲಾಗಿ ಮಣ್ಣಿನ ಮಡೆ ಕಟ್ಟಿ ನೀರು ತಡೆಯುವುದನ್ನು, ಬಿಡಿಸುವುದನ್ನು ಕಲಿತ. ಅವನಿಗೆ ರಾತ್ರಿ ನಿದ್ದೆಯೂ ಹತ್ತತೊಡಗಿತು. ಆದರೂ ನೀರು ಕೇಳಲು ಬಂದ ರೈತರು ನೀರುಗಂಟಿಯೊಡನೆ ಮಾತ್ರ ಮಾತಾಡಿ, ಯೋಧನನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದರು.

ಊರು ನೆಮ್ಮದಿಯಾಗಿರುವುದನ್ನು ಕಂಡು ಊರ ಗೌಡನಿಗೆ ಹಿಗ್ಗೋ ಹಿಗ್ಗು. ಯಾರನ್ನೂ ಕೇಳದೆ, ನೀರುಗಂಟಿಗೆ ಸನ್ಮಾನ ಮಾಡಲೆಂದು ಶಾಲು ಹಿಡಿದು, ತಮಟೆಯವರನ್ನು ಕಟ್ಟಿಕೊಂಡು ಏರಿಗೆ ಬಂದ. ಯೋಧ ಬಗ್ಗಿ ಮಣ್ಣು ಎಳೆಯುತ್ತಿದ್ದ. ಅವನ ಬೆನ್ನ ಹಿಂದೆಯೇ ತಮಟೆ ಬಡಿದರು.

ಯೋಧ ಗುದ್ದಲಿ ಎತ್ತಿ ತಿರುಗಿದ. ಗೌಡ ಎದುರಿಗೇ ಇದ್ದ. ತಮಟೆ ನಿಂತಿತು. ಕೂಗಿದರೆ ಕೆಟ್ಟೆವೆಂದು ನೀರುಗಂಟಿಗೆ ಗೊತ್ತಿತ್ತು. ನಿಧಾನವಾಗಿ ಇಬ್ಬರ ನಡುವೆ ಬಂದು, ಯೋಧನಿಗೆ ಬೆನ್ನು ಕೊಟ್ಟು ನಿಂತ.

"ಮಡೆ ಒಡೀತೈತೆ, ಮಣ್ಣು ಹಾಕಪ್ಪ" ಎಂದ.

ಎಷ್ಟೋ ಹೊತ್ತಿನ ಮೇಲೆ ಯೋಧನ ಗುದ್ದಲಿ ಮಣ್ಣಿಗೆ ಇಳಿಯಿತು.

ಬೆವೆತುಹೋಗಿದ್ದ ಗೌಡ ಶಾಲು ಚಾಚಿದ. "ಶಾಲು ಬ್ಯಾಡ ಗೌಡ್ರೇ. ಇವನ ಜೊತೆ ಒಂದು ಮಾತಾಡಿ" ಎಂದ ನೀರುಗಂಟಿ. ಗೌಡ ಶಾಲು ಮಡಚಿಕೊಂಡ. ಬಂದ ದಾರಿ ಹಿಡಿದ. ಇನ್ನು ಯೋಧನನ್ನು ಊರಿನಿಂದ ಹೊರಗೆ ಹಾಕುವ ಮಾತೇ ಬರುವುದೆಂದು ನೀರುಗಂಟಿ ಅಂದುಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅವನಿಗೆ ಸನ್ಮಾನ ಆಗಲೇ ಇಲ್ಲವೇ?" ಎಂದ ಶಿಷ್ಯ.

"ಆಯಿತಲ್ಲ, ಮರುದಿನ ಗೌಡ ಒಬ್ಬನೇ ಏರಿಗೆ ಬಂದು, ತನ್ನ ಗದ್ದೆಗೆ ಯಾವಾಗ ನೀರು ಬಿಡುತ್ತೀಯಪ್ಪ ಎಂದು ಆ ಯೋಧನನ್ನೇ ಕೇಳಿದ."