ನೆಲವೊಲ್ಲದ ತೂಬಿನಮ್ಮ: ತಪ್ಪಲೂರು ಕ್ಷೇತ್ರಮಹಿಮೆ

ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿ ಕೂರುತ್ತಿದ್ದ ಪೂರ್ವಯುಗದಲ್ಲಿ, ಪುರಾಣಜ್ಞರು ಕುಮುದಗಿರಿಯೆಂದೂ ದನ ಕಾಯುವವರು ಕೋಣನಬೆಟ್ಟವೆಂದೂ ಕರೆಯುವ ಪರ್ವತದ ನೆತ್ತಿಯ ಮೇಲೆ, ಜಟಿಲನೆಂಬ ಮಹರ್ಷಿಯು ದ್ವಾದಶ ಸಂವತ್ಸರಗಳ ಪರ್ಯಂತ ಘೋರ ತಪಸ್ಸನ್ನಾಚರಿಸಿ, ತಪಸ್ಸಮಾಪ್ತಿಯ ದಿನ ಮಳೆಯಲ್ಲಿ ತೊಯ್ದ ತನ್ನ ಜಟೆಯನ್ನು ಹಿಂಡಲಾಗಿ, ಆ ಪವಿತ್ರೋದಕವೇ ಬಂಡೆಯಿಂದ ಬಂಡೆಗಿಳಿದು ಜಟಾಸ್ರವಂತಿಯೆಂಬ ಪುಣ್ಯನದಿಯಾಯಿತು. ಊರಿನವರು ಅದನ್ನು ಜಡೆಹಳ್ಳ ಎನ್ನುತ್ತಾರೆ. ನದಿಯೋ ಹಳ್ಳವೋ ಎಂದು ಮೂಗು ಮುರಿಯುವ ಮಹಾಪಟ್ಟಣದ ಮಹನೀಯರು ತಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆಂದು ಮೊದಲು ತಿಳಿದುಕೊಂಡು ಆಮೇಲೆ ಮಾತಾಡಲಿ.

ಈ ಕ್ಷೇತ್ರದ ಚತುಸ್ಸೀಮೆ ಹೀಗಿದೆ: ಬಡಗಲಿಗೆ ಬೆಟ್ಟ, ಮೂಡಲಿಗೆ ಸೀಗೆಮೆಳೆ, ಪಡುವಲಿಗೆ ಹುಲ್ಲುಗಾವಲು, ತೆಂಕಲಿಗೆ ಮೂರು ಹರಿದಾರಿ ಇಳಿಜಾರಿನಲ್ಲಿ, ಇಂದು ಮಹಾಪಟ್ಟಣವಾಗಿರುವ, ವಿಭವಪುರವೆಂಬ ರಾಜಧಾನಿ. ಆ ರಾಜಧಾನಿಯ ಜಾಗದಲ್ಲಿ ನರಿಗಳು ಊಳಿಡುತ್ತಿದ್ದ ಕಾಲಕ್ಕೇ ಬೆಟ್ಟದ ಬುಡದ ನಮ್ಮ ತಪ್ಪಲೂರಿನಲ್ಲಿ ಕೆರೆಯಿತ್ತು, ಕೆರೆಗೆ ಏರಿಯಿತ್ತು, ಏರಿಯ ನಡುವೆ ಕಲ್ಲಿನ ತೂಬಿತ್ತು. ಆ ತೂಬಿನ ಕಲ್ಲಿನಲ್ಲಿ ಜಗನ್ಮಾತೆಯನ್ನು ಆವಾಹಿಸಿದ ಮಹರ್ಷಿಯು, ತೂಬಿನ ಬಾಯಿಗೆ ಮತ್ತಿಮರದ ಬಿರಡೆಯನ್ನು ತಾನೇ ಕೆತ್ತಿ ಜಡಿದು, ಒಂದು ಕಟ್ಟಳೆಯನ್ನು ವಿಧಿಸಿದನು. ಈ ಹಳ್ಳದ ನೀರು ಕುಡಿದು ಬೆಳೆದ, ಆದರೆ ಈ ನೀರುಣ್ಣುವ ನೆಲದಲ್ಲಿ ಗೇಣಗಲವನ್ನೂ ಹೊಂದಿರದ ಕೈ ಮಾತ್ರ ಬಿರಡೆಯನ್ನು ಮುಟ್ಟತಕ್ಕದ್ದು. ಅನ್ಯರ ಕೈ ಸೋಕಿದ ಕ್ಷಣವೇ ಏರಿ ಒಡೆದು ಕೆಳಗಿನ ಸೀಮೆಯೆಲ್ಲ ಕೊಚ್ಚಿಹೋಗತಕ್ಕದ್ದು. ಗದ್ದೆಯಿದ್ದವನ ಕೈ ಅವನ ಗದ್ದೆಯ ಕಡೆಗೇ ವಾಲುತ್ತದೆ ಎಂಬುದು ಕಾಡಿನಲ್ಲಿದ್ದ ಋಷಿಗೂ ಗೊತ್ತಿತ್ತು. ಹೀಗೆ ನೀರು ಹಂಚುವ ನೀರುಗಂಟಿಯು ನೆಲವಿಲ್ಲದವನಾಗಿರಬೇಕೆಂಬ ಪದ್ಧತಿಯು ಈ ಊರಿನಲ್ಲಿ ನೆಲೆಗೊಂಡಿತು.

ಯುಗಗಳುರುಳಿ, ಆ ಕಾಯಕವು ವಂಶಪಾರಂಪರ್ಯವಾಗಿ ಪಿಳ್ಳಕ್ಕನೆಂಬ ಹೆಂಗಸಿನ ಪಾಲಿಗೆ ಬಂದಿತು. ಅವಳು ಊರ ಹೊರಗಿನ ಕೇರಿಯವಳು, ತಂದೆಗೆ ಒಬ್ಬಳೇ ಮಗಳು, ಬಾಯಿ ಜೋರು. ಬಿರಡೆಯನ್ನು ಎತ್ತಿದಾಗ ಕಾಲುವೆಗೆ ಬೀಳುವ ನೀರಿನ ಸದ್ದನ್ನು ಕೇಳಿಯೇ ಇದು ಎಷ್ಟು ಗದ್ದೆಗೆ ಸಾಕೆಂದು ಹೇಳಬಲ್ಲವಳಾಗಿದ್ದಳು. ಆ ಸದ್ದೆಂದರೆ ಅವಳಿಗೆ ಪ್ರಾಣ. ಸುಗ್ಗಿಯಲ್ಲಿ ಮನೆಗೊಂದು ಹೊರೆಯಂತೆ ಅವಳಿಗೆ ಆಯ ಸಲ್ಲುತ್ತಿತ್ತು, ಆ ಹೊರೆಗಳನ್ನು ಹೊತ್ತು ತರುವಾಗ ಮಾತ್ರ ಏರಿಯ ಮೇಲೆ ಕುಳಿತು, ಕೆಳಗಿನ ಹಸುರನ್ನು ನೋಡುತ್ತ, “ಒಂದೇ ಒಂದು ಗದ್ದೆ ಮಡಿ ನಂದಾಗಿದ್ದಿದ್ರೆ!” ಎಂದು ನಿಟ್ಟುಸಿರಿಡುತ್ತಿದ್ದಳು. ಬೇರೆಯವರ ಗದ್ದೆಗೆ ಮೂವತ್ತು ಮಳೆಗಾಲ ನೀರು ಹಾಯಿಸಿದವಳಿಗೆ ಇಷ್ಟು ಆಸೆ ಹುಟ್ಟಿದ್ದರೆ ತಪ್ಪೇನು?

ಅಂತಿರಲು, ವಿಭವಪುರದಲ್ಲಿ ವಿಭವಸೇನನೆಂಬ ಭೂಪಾಲನು ರಾಣೀವಾಸದ ಜಲಕ್ರೀಡೆಗಾಗಿ ಸಹಸ್ರಸ್ತಂಭಶೋಭಿತವಾದ ಮಹಾಸರೋವರವೊಂದನ್ನು ಕಟ್ಟಿಸಿ, ಅದಕ್ಕೆ ನೀರಿಲ್ಲವೆಂಬುದನ್ನು ಕಟ್ಟಿಸಿದ ಮೇಲೆ ಕಂಡುಕೊಂಡನು. ಕೊಳ ಮೊದಲು, ನೀರು ಆಮೇಲೆ. ಅದು ಅಲ್ಲಿಯ ಹಳೆಯ ಚಾಳಿ. ಕೂಡಲೇ ನಮ್ಮ ತೂಬಿನ ಬಾಯಿಂದ ರಾಜಧಾನಿಯವರೆಗೆ ಮೂರು ಹರಿದಾರಿ ಕಾಲುವೆಯನ್ನು ತೋಡಿಸಿ, ಊರ ಗದ್ದೆಗೆ ಹನಿ ನೀರೂ ತಿರುಗದಂತೆ ಕಲ್ಲಿನ ಅಡ್ಡಗಟ್ಟೆಯನ್ನು ಹಾಕಿಸಿ, ಸೈನ್ಯಸಮೇತನಾಗಿ ಕೆರೆಯ ಏರಿಗೆ ಬಂದಿಳಿದನು. ನೀರುಗಂಟಿಯಲ್ಲದೆ ಅನ್ಯರು ಮುಟ್ಟಿದರೆ ಏರಿ ಒಡೆದು ತನ್ನ ರಾಜಧಾನಿಯೇ ತೇಲಿಹೋಗುವುದೆಂದು ಅವನಿಗೆ ಯಾರೋ ಹೇಳಿದ್ದರು. ನೀರುಗಂಟಿಯ ಕೈಯೇ ಏಕೆಂದು ಮಾತ್ರ ಅವನೂ ಕೇಳಲಿಲ್ಲ, ಅವನ ಮಂತ್ರಿಯೂ ಕೇಳಲಿಲ್ಲ.

“ಎಲೌ ನೀರುಗಂಟಿ, ಬಿರಡೆಯನ್ನು ಕೀಳು” ಎಂದು ಅರಸನು ಆಜ್ಞಾಪಿಸಿದನು.

“ಊರ ಗದ್ದೆಗೆ ಅಂದ್ರೆ ಈಗ್ಲೇ ಕೀಳ್ತೀನಿ ಬುದ್ದಿ. ನಿಮ್ ಕೊಳಕ್ಕೆ ಅಂದ್ರೆ ಕೀಳಾಕಿಲ್ಲ” ಎಂದಳು ಪಿಳ್ಳಕ್ಕ.

“ತಲೆ ಹೋದೀತು!”

“ಓಗ್ಲಿ ಬುಡಿ. ತಲೆ ಓದ್ಮ್ಯಾಲೆ ಕೈ ಯಾರ್ ಮಾತು ಕೇಳ್ತದೆ?”

ಏರಿಯ ಮೇಲೆ ನೆರೆದಿದ್ದ ಊರಿನವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅರಸನ ಮುಖ ಕೆಂಪಾಯಿತು. ಆಗ ಮಂತ್ರಿಯು ಪ್ರಭುವಿನ ಕಿವಿಯಲ್ಲಿ, ಬಡವರನ್ನು ಬೆದರಿಸುವುದಕ್ಕಿಂತ ಕೊಡುವುದೇ ಲೇಸು, ಈ ಕೆರೆಯ ಕೆಳಗೆ ಅರಮನೆಯ ಹನ್ನೆರಡು ಖಂಡುಗ ಗದ್ದೆಯಿದೆ, ಅದನ್ನು ಇವಳಿಗೆ ದಾನ ಮಾಡಿದರೆ ಋಣಕ್ಕೆ ಬಿದ್ದು ತಾನೇ ಕೀಳುವಳು ಎಂದು ಉಸುರಿದನು. ಅರಸನು ನಗುತ್ತ, “ನಿನಗೆ ನೆಲ ಬೇಕೇನು?” ಎಂದು ಕೇಳಿದನು.

ಪಿಳ್ಳಕ್ಕ ಏರಿಯ ಕೆಳಗಿನ ಹಸುರಿನ ಕಡೆ ತಿರುಗಿದಳು. ಮೂವತ್ತು ವರ್ಷ ಕನಸಿನಲ್ಲಿ ಕಂಡ ಮಡಿ ಎದುರಿಗೇ ಬಂದು ನಿಂತಿತ್ತು. ತೆಗೆದುಕೊಂಡರೆ ಏನಾಗುವುದೆಂಬುದೂ ಆ ಗಳಿಗೆಯಲ್ಲೇ ಅವಳಿಗೆ ಹೊಳೆಯಿತು: ಬಿರಡೆಯನ್ನು ಇನ್ನು ಈ ಜನ್ಮದಲ್ಲಿ ಮುಟ್ಟುವಂತಿಲ್ಲ, ಆ ಸದ್ದನ್ನು ಎಬ್ಬಿಸುವಂತಿಲ್ಲ. ಕಣ್ಣಲ್ಲಿ ದಳದಳ ನೀರಿಳಿಯಿತು. ಅರಸನು ಅದನ್ನು ಆನಂದಬಾಷ್ಪವೆಂದೇ ತಿಳಿದನು.

“ಕೊಡೋದಾದ್ರೆ ಕಲ್ಲಲ್ಲಿ ಕೆತ್ತಿಸ್ಕೊಡಿ ಬುದ್ದಿ. ಬಾಯಿ ಮಾತು ಗಾಳಿಗೆ ಓಯ್ತದೆ” ಎಂದಳು.

ಅಂತೆಯೇ ಅಂದು ಮಧ್ಯಾಹ್ನದೊಳಗೆ ಶಿಲಾಶಾಸನವು ಸಿದ್ಧವಾಗಿ, ಆ ಹನ್ನೆರಡು ಖಂಡುಗ ಗದ್ದೆಯು ಆಚಂದ್ರಾರ್ಕಸ್ಥಾಯಿಯಾಗಿ, ದಾನ ವಿನಿಮಯ ವಿಕ್ರಯಗಳಿಗೆ ಸ್ವತಂತ್ರವಾಗಿ ಪಿಳ್ಳಕ್ಕನಿಗೆ ಸಲ್ಲುವುದೆಂದೂ, ಕೊಟ್ಟ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದೂ ಅಕ್ಷರಗಳು ಮೂಡಿದವು. ಅರಸನು ಸುವರ್ಣಕಲಶದಿಂದ ಅವಳ ಅಂಗೈಗೆ ಧಾರೆಯೆರೆದನು. ಊರ ಮುಖಂಡ ಮುದ್ದೇಗೌಡನಿಗೆ ತಡೆಯಲಾಗಲಿಲ್ಲ. “ಥೂ, ನಿನ್ ಮಕಕ್ಕೆ ಬೆಂಕಿ ಹಾಕ! ಉಂಡ ಮನೆಗೇ ಕನ್ನ ಹಾಕಿದ್ಯಲ್ಲೇ ಪಿಳ್ಳಿ!” ಎಂದು ಅರಸನ ಸಮ್ಮುಖದಲ್ಲೇ ಉಗಿದನು. ಪಿಳ್ಳಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ.

“ಇನ್ನು ಕೀಳು” ಎಂದನು ಅರಸ.

“ಯಾವ್ ಕೈಲಿ ಬುದ್ದಿ?” ಎಂದು ಅವಳು ಒದ್ದೆಯಾಗಿದ್ದ ಎರಡು ಅಂಗೈಗಳನ್ನೂ ಚಾಚಿದಳು. “ನೆಲ ಇಲ್ದಿರೋ ಕೈಯೇ ಬಿರಡೆ ಮುಟ್ಬೇಕು ಅಂತ ಋಷಿ ಕಟ್ಟಳೆ ಐತೆ. ಬೆಳಗ್ಗೆಗಂಟ ಈ ಕೈ ಅಂಗೇ ಇತ್ತು. ನೀವೇ ಧಾರೆ ಎರೆದು ಕೆಡಿಸಿದ್ರಿ. ಈಗ ನಾ ಮುಟ್ಟಿದ್ರೆ ಏರಿ ಒಡೀತದೆ, ನಿಮ್ ಪಟ್ಣ ಮುಳುಗ್ತದೆ. ಕೀಳ್ಲಾ?”

ಅರಸನು ಶಾಸನವನ್ನು ನೋಡಿದನು. ಅರವತ್ತು ಸಾವಿರ ವರ್ಷದ ಹುಳುವಿನ ಮಾತು ಅವನದೇ ಲಾಂಛನದ ಕೆಳಗೆ ಹಸಿಹಸಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಂತ್ರಿಯು ಮುಂದೆ ಬಂದು, “ಈ ಊರಿನಲ್ಲಿ ನೆಲವಿಲ್ಲದವರು ಇವಳೊಬ್ಬಳೇ ಏನು? ಇವಳ ಕೇರಿಯಿದೆ, ಕುಂಬಾರರಿದ್ದಾರೆ, ಅಗಸರಿದ್ದಾರೆ. ಯಾರಾದರೊಬ್ಬನನ್ನು ಎಳೆತನ್ನಿ!” ಎಂದು ಕೂಗಿದನು.

ಮಂತ್ರಿಯು ಚಾಪೆಯ ಕೆಳಗೆ ತೂರಿದರೆ ಪಿಳ್ಳಕ್ಕ ರಂಗೋಲಿಯ ಕೆಳಗೆ ತೂರುವವಳು. ಅವನ ಮಾತು ಮುಗಿಯುವಷ್ಟರಲ್ಲಿ ಅವಳು ಏರಿಯಿಂದ ತನ್ನ ಹೊಸ ಗದ್ದೆಗೆ ಧುಮುಕಿ, ಸೆರಗಿನ ತುಂಬ ಮಣ್ಣು ಬಾಚಿಕೊಂಡು, ನೆರೆದ ಜನರ ನಡುವೆ ನುಗ್ಗಿದಳು. ನೆಲವಿಲ್ಲದ ಒಬ್ಬೊಬ್ಬರ ಅಂಗೈಗೂ ಒಂದೊಂದು ಹಿಡಿ ಮಣ್ಣು ಹಾಕಿ, “ಸೂರ್ಯ ಚಂದ್ರರಾಣೆ, ಇದು ನಿಂದು! ಇದು ನಿಂದು! ಹಿಡ್ಕಳೋ ಮುಟ್ಠಾಳ, ನೋಡ್ತಾ ನಿಂತವ್ನೆ!” ಎಂದು ಹಂಚುತ್ತ ಹೋದಳು. ಕುಂಬಾರರು ಹಿಡಿದರು, ಅಗಸರು ಹಿಡಿದರು, ಅವಳ ಕೇರಿಯ ನಲವತ್ತು ಮನೆಯವರೂ ಹಿಡಿದರು. ಸೊಂಟದ ಮೇಲಿದ್ದ ಕೂಸುಗಳ ಮುಷ್ಟಿಯಲ್ಲೂ ಮಣ್ಣಿತ್ತು. ತನಗೆಂದು ಕುಕ್ಕರಗಾಲಲ್ಲಿ ಕೂರುವಷ್ಟು ಜಾಗವನ್ನು ಮಾತ್ರ ಇಟ್ಟುಕೊಂಡಳು, ಅದೂ ತಾನು ಮತ್ತೆ ನೆಲವಿಲ್ಲದವಳಾಗದಿರಲೆಂದು. ದಾನ ಮಾಡಲು ಸ್ವತಂತ್ರವೆಂದು ಅರಸನ ಶಾಸನವೇ ಸಾರುತ್ತಿದ್ದುದರಿಂದ, ಆ ಹೊತ್ತಿಗೆ ಇಡೀ ತಪ್ಪಲೂರಿನಲ್ಲಿ ನೆಲವಿಲ್ಲದ ಒಂದು ಕೈಯೂ ಉಳಿಯಲಿಲ್ಲ. ಮುದ್ದೇಗೌಡನು ತಲೆಯ ರುಮಾಲನ್ನು ತೆಗೆದು ಕಂಕುಳಿಗಿಟ್ಟುಕೊಂಡು ನಿಂತನು.

ಅರಸನು ಹಲ್ಲು ಕಡಿದು, “ಒಳ್ಳೆಯದು. ನನಗಿಲ್ಲದ ನೀರು ನಿಮಗೂ ಇಲ್ಲ. ಬೆಳೆ ಒಣಗಿದಾಗ ನಿಮ್ಮಲ್ಲೇ ಒಬ್ಬನು ನೆಲ ಬಿಟ್ಟು ಬರುತ್ತಾನೆ, ಆಗ ಅವನ ಕೈ ನನ್ನದು” ಎಂದು ಹೇಳಿ ಏರಿಯ ಪಕ್ಕದಲ್ಲೇ ಡೇರೆ ಹೊಡೆಸಿದನು.

ಅವನ ಮಾತೂ ಸುಳ್ಳಾಗಿರಲಿಲ್ಲ. ಬತ್ತ ಹೊಡೆ ಕಟ್ಟಿ ತೆನೆ ಬಿಡುವ ಕಾಲ. ನೀರು ತಪ್ಪಿದರೆ ಜೊಳ್ಳೇ ಗತಿ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು, ಗದ್ದೆ ಬಿರಿಯಿತು, ಪೈರಿನ ತುದಿ ಹಳದಿಯಾಯಿತು. ತುಂಬಿದ ಕೆರೆಯ ಕೆಳಗೇ ಊರು ಬಾಯಾರಿ ಕೂತಿತು. ಹದಿನೇಳನೆಯ ದಿನ ಮುದ್ದೇಗೌಡನು ತಾನಾಗಿ ಹೊರಗಿನ ಕೇರಿಗೆ ಬಂದು, ಪಿಳ್ಳಕ್ಕನ ಗುಡಿಸಲ ಮುಂದೆ ನಿಂತು, “ಪಿಳ್ಳಕ್ಕ, ಅವತ್ತು ಬಾಯಿಗೆ ಬಂದಂಗೆ ಅಂದೆ, ಮನಸಲ್ಲಿಟ್ಕಬ್ಯಾಡ ಕಣವ್ವ. ಆದ್ರೆ ಇನ್ನು ಮೂರು ದಿನ ತಡ್ಕಂಡ್ರೆ ಪೈರಿಲ್ಲ. ಯಾರಾದ್ರೂ ಒಬ್ರು ನೆಲ ಬುಟ್ರೆ...” ಎಂದು ಮಾತು ನಿಲ್ಲಿಸಿದನು.

“ಬುಟ್ಟೋನ್ ಕೈಯ ಆ ಸಿಪಾಯಿಗಳು ಹಿಡ್ಕಂಡು ಬಿರಡೆ ಕೀಳಿಸ್ತಾರೆ. ಆಮ್ಯಾಕೆ ಈ ವರ್ಸಾನೂ ಇಲ್ಲ, ಬರೋ ವರ್ಸಾನೂ ಇಲ್ಲ. ಬ್ಯಾಡಿ ಗೌಡ್ರೇ” ಎಂದಳು ಅವಳು. ಆದರೆ ಒಳಗೊಳಗೇ ಅವಳಿಗೆ ಭಯವಾಗಿತ್ತು. ಊರನ್ನು ಉಳಿಸಲು ಹೋಗಿ ನಾನೇ ಕೊಂದೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಅದೇ ಸಂಕಟದಲ್ಲಿ ಎದ್ದವಳೇ, ನಡುಹಗಲಿನ ಉರಿಬಿಸಿಲಿನಲ್ಲಿ, ಸಿಪಾಯಿಗಳ ಕಣ್ಣೆದುರಿಗೇ, ಎದೆಮಟ್ಟದ ನೀರಿಗಿಳಿದು ತೂಬಿನ ಕಲ್ಲಿನ ಮುಂದೆ ನಿಂತಳು. ಬಿರಡೆಗೆ ಸೋಕದಿರಲೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಸ್ತೋತ್ರ ಮಾಡಲು ಅವಳಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ಜಗಳ.

“ಏನವ್ವಾ, ತಣ್ಣಗೆ ನೀರಲ್ಲಿ ಕುಂತಿದ್ದೀಯ! ಮೇಲೆ ಹೊಟ್ಟೆ ಉರೀತಾ ಐತೆ, ಕಾಣಾಕಿಲ್ವಾ? ಮೂವತ್ತು ವರ್ಸ ನಿನ್ ಬಾಗ್ಲು ತೆಗೆದೆ, ಹಾಕ್ದೆ. ನಂಗೆ ಪ್ರಾಣದಂಗಿದ್ದ ಕೆಲ್ಸ ಬುಟ್ಟೆ, ಯಾರಿಗೋಸ್ಕರ? ನೀನೇನು ಬುಟ್ಟೆ? ಈ ನೀರೇ ಕುಡ್ದು ಬೆಳೆದೋಳಲ್ವಾ ನೀನೂ? ನಿಂಗೆ ಮಾನ್ಯದ ಭೂಮಿ ಐತಾ, ಗದ್ದೆ ಐತಾ, ಗೇಣು ನೆಲ ಐತಾ? ಈ ಊರಲ್ಲಿ ನೆಲ ಇಲ್ದೋಳು ಅಂತ ಉಳಿದಿರೋಳು ನೀನೊಬ್ಳೇ. ನಾಚ್ಕೆ ಇದ್ರೆ ಎದ್ದು ಬಿರಡೆ ಕೀಳು! ಇಲ್ದಿದ್ರೆ ಇವತ್ತಿಂದ ನೀನು ಬರೀ ಕಲ್ಲು ಅಂತ ನಾನೇ ಊರೆಲ್ಲ ಸಾರ್ತೀನಿ!”

ಸಿಪಾಯಿಗಳು ಕಿವಿ ಮುಚ್ಚಿಕೊಂಡರು. ಆ ಕ್ಷಣವೇ ಕೆರೆಯ ನೀರು ಗರಗರನೆ ಸುತ್ತಿ, ತೂಬಿನ ಶಿಲೆಯು ಬೆವೆತು, ಕೋಣನಬೆಟ್ಟದ ಗುಹೆಗಳೆಲ್ಲ ಮಾರ್ದನಿಗೊಡುವಂತೆ ದಿವ್ಯವಾಣಿಯೊಂದು ಕೇಳಿಬಂದಿತು:

“ಎಲೌ ಮಗಳೇ, ಯುಗಯುಗಾಂತರಗಳಿಂದ ಬೇಡಿದವರನ್ನೇ ಕಂಡಿದ್ದೆ; ಕೇಳಿದವಳು ನೀನೊಬ್ಬಳು. ನಿನ್ನ ನುಡಿ ಸತ್ಯ. ನನಗೆ ನೆಲವಿಲ್ಲ. ಇಂದು ಮೊದಲ್ಗೊಂಡು ಈ ಕೆರೆಯ ನೀರುಗಂಟಿ ನಾನೇ. ಸಂವತ್ಸರಕ್ಕೊಮ್ಮೆ ಮನೆಗೊಂದು ಹಿಡಿ ಧಾನ್ಯ ನನ್ನ ಆಯ. ಯಾವ ದಿನ ನನ್ನ ಹೆಸರಿಗೆ ಗೇಣು ನೆಲವನ್ನು ಬರೆಯುವಿರೋ, ಆ ದಿನ ನನ್ನ ಕೈ ಬಿರಡೆಯಿಂದ ಜಾರುವುದೆಂದು ತಿಳಿಯಿರಿ.”

ಮತ್ತಿಮರದ ಬಿರಡೆ ತಾನಾಗಿ ಮೇಲೆದ್ದಿತು. ಹೊರಚಿಮ್ಮಿದ ಪ್ರವಾಹವು ಅರಸನ ಅಡ್ಡಗಟ್ಟೆಯನ್ನು ಒಂದೇ ಏಟಿಗೆ ಉರುಳಿಸಿ, ಆ ಕಲ್ಲುಗಳಿಂದಲೇ ಅವನ ಕಾಲುವೆಯ ಬಾಯನ್ನು ಮುಚ್ಚಿ, ಊರ ಗದ್ದೆಗಳಿಗೆ ನುಗ್ಗಿತು. ರಾಜಧಾನಿಯ ದಿಕ್ಕಿಗೆ ಒಂದು ಬೊಗಸೆಯೂ ಹೋಗಲಿಲ್ಲ. ಅರಸನು ಡೇರೆ ಕೀಳಿಸಿ ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದಿರುಗಿದನು. ಊರೆಲ್ಲ ಕುಣಿಯುತ್ತಿರುವಾಗ ಪಿಳ್ಳಕ್ಕ ತನ್ನ ಕುಕ್ಕರಗಾಲಿನ ಗದ್ದೆಯಲ್ಲಿ ಕುಳಿತು ಆ ನೀರಿನ ಸದ್ದನ್ನು ಕೇಳಿದಳು, ಎಷ್ಟು ಗದ್ದೆಗೆ ಸಾಕೆಂದು ಎಣಿಸಿದಳು, ಮನಸಾರೆ ಅತ್ತಳು. ಬಿರಡೆಯನ್ನು ಅವಳು ಮತ್ತೆಂದೂ ಮುಟ್ಟಲಿಲ್ಲ.

ಭಕ್ತಾದಿಗಳು ಆ ತೂಬಿನ ಕಲ್ಲನ್ನೂ, ಕಡುಬೇಸಿಗೆಯಲ್ಲೂ ಬತ್ತದೆ ಅದರ ಬುಡದಿಂದ ಜಿನುಗುವ ತೀರ್ಥವನ್ನೂ, ಅಕ್ಷರ ಸವೆದ ಶಾಸನವನ್ನೂ ಇಂದಿಗೂ ನೋಡಬಹುದು. ಗದ್ದೆಗಳೆಲ್ಲ ಈಗ ಬಡಾವಣೆಗಳಾಗಿವೆ. ಹನಿ ನೀರೂ ಕಾಣದ ಅರಸನ ಕಾಲುವೆಯನ್ನು ಮುಚ್ಚಿ ಮುಖ್ಯರಸ್ತೆ ಮಾಡಿದ್ದಾರೆ. ತಾವು ಇಳಿದ ಬಸ್ಸು ಬಂದದ್ದು ಅದರ ಮೇಲೆಯೇ. ಕಾರ್ತಿಕದ ಕೊನೆಯ ಮಂಗಳವಾರದ ಆಯದ ಹಬ್ಬದಲ್ಲಿ, ಹೊಲ ಕಾಣದ ಬಾಡಿಗೆ ಮನೆಯವರೂ ಅಂಗಡಿಯಿಂದ ರಾಗಿ ತಂದು ಹಿಡಿಯಷ್ಟನ್ನು ಅಮ್ಮನಿಗೆ ಸಲ್ಲಿಸುತ್ತಾರೆ. ಗುಡಿಗೆ ಗೋಪುರವಿಲ್ಲ, ಕಾಂಪೌಂಡಿಲ್ಲ, ಮೇಲೊಂದು ಸೂರೂ ಇಲ್ಲ. ಮೂಲೆ ಸೈಟೊಂದನ್ನು ಅಮ್ಮನ ಹೆಸರಿಗೆ ನೋಂದಾಯಿಸಿ ತಂದಿದ್ದ ಪುಣ್ಯಾತ್ಮರೊಬ್ಬರನ್ನು ಊರ ಹೆಂಗಸರು ಕಾಗದಪತ್ರದ ಸಮೇತ ಬಸ್ಸು ಹತ್ತಿಸಿ ಕಳಿಸಿದ್ದುಂಟು.

ಕಳೆದ ವರ್ಷ ತಪ್ಪಲೂರನ್ನು ಮಹಾಪಟ್ಟಣಕ್ಕೆ ಸೇರಿಸುವ ಮಾತು ಬಂದಾಗ, ಮೇಲಿನ ಕಚೇರಿಯೊಂದರಿಂದ, ಸದರಿ ದೇವತೆಯ ಹೆಸರಿನಲ್ಲಿರುವ ಜಮೀನು, ನಿವೇಶನ, ಕಟ್ಟಡಗಳ ವಿವರವನ್ನು, ಅವುಗಳನ್ನು ವಶಕ್ಕೆ ತೆಗೆದುಕೊಳ್ಳುವ ಸಲುವಾಗಿ, ಏಳು ದಿನದೊಳಗೆ ಸಲ್ಲಿಸತಕ್ಕದ್ದೆಂದು ನೋಟಿಸು ಬಂದಿತು. ಪಿಳ್ಳಕ್ಕನ ವಂಶದವರಾದ ಪೂಜಾರಿಣಿ ಗಂಗಹುಚ್ಚಮ್ಮನವರು ಅದನ್ನು ಓದಿಸಿ ಕೇಳಿ, ಅದರ ಹಿಂಬದಿಯಲ್ಲೇ ಉತ್ತರ ಬರೆಸಿ, ಹೆಬ್ಬೆಟ್ಟು ಒತ್ತಿ ಹಿಂದಕ್ಕೆ ಕಳಿಸಿದರು:

“ಗೇಣು ನೆಲಾನೂ ಇಲ್ಲ. ಅದೇನು ತಗೊಳ್ತೀರೋ ಬಂದು ತಗೊಳ್ಳಿ.”